ಸ್ತನ್ಯಪಾನ ಮತ್ತು ಎಚ್‌ಐವಿ ಸೋಂಕು

ಎಚ್‌ಐವಿ ಸೋಂಕಿರುವ ತಾಯಿಯಿಂದ ಮಗುವಿಗೆ ವೈರಾಣು ದಾಟುವ ಮೂರು ದಾರಿಗಳಲ್ಲಿ ಸ್ತನ್ಯಪಾನವೂ ಒಂದು. ಹೀಗಿದ್ದರೂ ಭಾರತದಲ್ಲಿ ಇಂದು ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರಕಾರ, ಔಷಧ ಸೇವಿಸುತ್ತಿರುವ ಸೋಂಕಿತ ತಾಯಿಯು ಮೊದಲ ಆರು ತಿಂಗಳು ಮಗುವಿಗೆ ತನ್ನ ಎದೆಹಾಲನ್ನೇ, ಅದೊಂದನ್ನೇ ಉಣಿಸುವುದು ಉತ್ತಮ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ತೋರುತ್ತವೆ. ಈ ವಿರೋಧ ಹುಟ್ಟಿದ್ದು ಹೇಗೆ, ಅದು ಪರಿಹಾರವಾದದ್ದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯಂತಹ ಬಯಲುಸೀಮೆಯ ತಾಲೂಕುಗಳಲ್ಲಿ ಈ ಸಲಹೆಗೆ ವಿಶೇಷ ಅರ್ಥವಿದೆ. ಕುಡಿಯುವ ನೀರು, ಬಾಣಂತನದ ರೂಢಿ ಮತ್ತು ಆಸ್ಪತ್ರೆಯ ದೂರ ಇವು ಮೂರೂ ಅಲ್ಲಿ ಮಗುವಿನ ಆಹಾರವನ್ನು ನಿರ್ಧರಿಸುತ್ತವೆ.

ಸೋಂಕು ದಾಟುವ ಘಟ್ಟಗಳು

ತಾಯಿಯಿಂದ ಮಗುವಿಗೆ ಸೋಂಕು ಗರ್ಭದಲ್ಲಿರುವಾಗ, ಹೆರಿಗೆಯ ಸಮಯದಲ್ಲಿ ಅಥವಾ ಹಾಲೂಡುವ ಅವಧಿಯಲ್ಲಿ ದಾಟಬಹುದು. ಯಾವ ಔಷಧವೂ ಇಲ್ಲದಿದ್ದಾಗ, ಎದೆಹಾಲು ಕುಡಿಯದ ಮಕ್ಕಳಲ್ಲಿ ಶೇ. 15ರಿಂದ 30ರಷ್ಟು ಮಂದಿಗೆ ಸೋಂಕು ತಗಲುತ್ತದೆ. ದೀರ್ಘಕಾಲ ಎದೆಹಾಲು ಕುಡಿದವರಲ್ಲಿ ಈ ಪ್ರಮಾಣ ಶೇ. 20ರಿಂದ 45ಕ್ಕೆ ಏರುತ್ತದೆ. ಈ ಅಂಕಿಗಳನ್ನು ಓದುವಾಗ ಇನ್ನೊಂದು ಬದಿಯನ್ನೂ ಗಮನಿಸಬೇಕು. ಚಿಕಿತ್ಸೆಯೇ ಇಲ್ಲದ ದಿನಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೋಂಕಿನಿಂದ ಪಾರಾಗುತ್ತಿದ್ದರು. ತಾಯಿಗೆ ಸೋಂಕಿದ್ದರೆ ಮಗುವಿಗೂ ಬಂದೇ ಬರುತ್ತದೆ ಎಂಬ ಜನರ ನಂಬಿಕೆ ಎಂದೂ ನಿಜವಾಗಿರಲಿಲ್ಲ. ಔಷಧ ಕ್ರಮಬದ್ಧವಾಗಿ ದೊರೆತರೆ, ಎದೆಹಾಲು ಕುಡಿಯುವ ಮಕ್ಕಳಲ್ಲೂ ಸೋಂಕಿನ ಪ್ರಮಾಣವನ್ನು ಶೇ. 5ಕ್ಕಿಂತ ಕೆಳಗೆ ಇಳಿಸಬಹುದು.

ಎದೆಹಾಲಿನಲ್ಲಿ ವೈರಾಣು

ಎದೆಹಾಲಿನಲ್ಲಿ ಎಚ್‌ಐವಿ ಎರಡು ರೂಪಗಳಲ್ಲಿರುತ್ತದೆ. ಒಂದು, ಹಾಲಿನಲ್ಲಿ ಸ್ವತಂತ್ರವಾಗಿ ತೇಲುವ ವೈರಾಣು. ಇನ್ನೊಂದು, ಹಾಲಿನೊಂದಿಗೆ ಬರುವ ತಾಯಿಯ ಬಿಳಿರಕ್ತಕಣಗಳ ಒಳಗೆ ಅಡಗಿರುವ ವೈರಾಣು. ತಾಯಿಯ ರಕ್ತದಲ್ಲಿ ವೈರಾಣುವಿನ ಸಂಖ್ಯೆ ಹೆಚ್ಚಿದಷ್ಟೂ, ಸಿಡಿ4 ಕಣಗಳು ಕುಗ್ಗಿದಷ್ಟೂ ಮಗುವಿಗೆ ಅಪಾಯ ಹೆಚ್ಚು. ಮೊಲೆತೊಟ್ಟು ಬಿರಿದು ರಕ್ತ ಒಸರುವುದು, ಮೊಲೆಬಾವು, ಕೀವುಗಟ್ಟುವುದು, ಮಗುವಿನ ಬಾಯಲ್ಲಿ ಹುಣ್ಣಾಗುವುದು ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಒಂದು ಮೊಲೆಗೆ ಬಾವು ಬಂದಾಗ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಗುಣವಾಗುವವರೆಗೆ ಇನ್ನೊಂದು ಬದಿಯಿಂದ ಮಾತ್ರ ಉಣಿಸಬೇಕೆಂದು ಆಪ್ತ ಸಮಾಲೋಚಕರು ಹೇಳುವುದು ಇದೇ ಕಾರಣಕ್ಕೆ.

ಇದೇ ಹಾಲಿನಲ್ಲಿ ರಕ್ಷಣೆಯ ಅಂಶಗಳೂ ಇವೆ. ಪ್ರತಿಕಾಯಗಳು, ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು, ಕರುಳಿನ ಒಳಪದರವನ್ನು ಕಾಯುವ ವಿಶಿಷ್ಟ ಸಕ್ಕರೆಗಳು ಎಲ್ಲವೂ ಅದರಲ್ಲಿರುತ್ತವೆ. ಆರು ತಿಂಗಳ ಮಗು ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕುಡಿಯುತ್ತದೆ. ತಿಂಗಳುಗಟ್ಟಲೆ ಅಷ್ಟು ಹಾಲು ಕುಡಿದೂ ಹೆಚ್ಚಿನ ಮಕ್ಕಳು ಸೋಂಕಿಲ್ಲದೆ ಉಳಿಯುತ್ತಿದ್ದುದಕ್ಕೆ ಈ ಅಂಶಗಳೇ ಕಾರಣವಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಹಾಲೂಡುವ ಅವಧಿಯಲ್ಲಿಯೇ ತಾಯಿಗೆ ಹೊಸದಾಗಿ ಸೋಂಕು ತಗಲಿದರೆ ಅಪಾಯ ಅತಿ ಹೆಚ್ಚು. ಸೋಂಕಿನ ಮೊದಲ ವಾರಗಳಲ್ಲಿ ವೈರಾಣುವಿನ ಸಂಖ್ಯೆ ತುತ್ತತುದಿಯಲ್ಲಿರುತ್ತದೆ. 1992ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಮೊದಲೇ ಸೋಂಕಿದ್ದ ತಾಯಂದಿರಲ್ಲಿ ಸ್ತನ್ಯಪಾನದಿಂದ ಒದಗುವ ಹೆಚ್ಚುವರಿ ಅಪಾಯ ಸುಮಾರು ಶೇ. 14. ಹೆರಿಗೆಯ ನಂತರ ಸೋಂಕು ತಗಲಿದವರಲ್ಲಿ ಅದು ಸುಮಾರು ಶೇ. 29. ಗರ್ಭಿಣಿಯಾಗಿದ್ದಾಗ ಮಾಡಿದ ಒಂದೇ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಗಂಡ ತಿಂಗಳುಗಟ್ಟಲೆ ದೂರದ ಊರಿನಲ್ಲಿ ದುಡಿಯುವ ಕುಟುಂಬಗಳಲ್ಲಿ ಗಂಡಹೆಂಡಿರಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ಮಗುವಿನ ರಕ್ಷಣೆಯ ಭಾಗವೇ ಆಗಿದೆ.

ಸಲಹೆ ಬದಲಾದ ಬಗೆ

ಎದೆಹಾಲಿನಿಂದ ಸೋಂಕು ದಾಟಿರಬಹುದೆಂಬ ಮೊದಲ ವೈದ್ಯಕೀಯ ವರದಿ 1985ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಹೆರಿಗೆಯ ನಂತರ ಪಡೆದ ರಕ್ತದಿಂದ ಸೋಂಕಿಗೆ ಒಳಗಾದ ತಾಯಿಯೊಬ್ಬಳ ಮಗುವಿಗೂ ಸೋಂಕು ಕಂಡುಬಂದಿತ್ತು. ಹೆರಿಗೆಯ ವೇಳೆಗೆ ತಾಯಿಗೆ ಸೋಂಕೇ ಇಲ್ಲದ್ದರಿಂದ ಗರ್ಭ ಮತ್ತು ಹೆರಿಗೆ ಎರಡನ್ನೂ ಕೈಬಿಟ್ಟು ಹಾಲಿನ ಕಡೆಗೇ ನೋಡಬೇಕಾಯಿತು. ಶ್ರೀಮಂತ ದೇಶಗಳು ಸೋಂಕಿತ ತಾಯಂದಿರಿಗೆ ಎದೆಹಾಲು ಬೇಡ, ಪುಡಿಹಾಲು ಕೊಡಿ ಎಂದು ಹೇಳತೊಡಗಿದವು.

ಬಡ ದೇಶಗಳಲ್ಲಿ ಲೆಕ್ಕ ಅಷ್ಟು ಸರಳವಾಗಿರಲಿಲ್ಲ. ಕೀನ್ಯಾದ ನೈರೋಬಿಯಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷ ತುಂಬುವ ವೇಳೆಗೆ ಎದೆಹಾಲಿನ ಗುಂಪಿನ ಶೇ. 36.7 ಮಕ್ಕಳಿಗೂ ಪುಡಿಹಾಲಿನ ಗುಂಪಿನ ಶೇ. 20.5 ಮಕ್ಕಳಿಗೂ ಸೋಂಕಿತ್ತು. ಸೋಂಕಿನ ಅಂತರ ಹೀಗೆ ದೊಡ್ಡದಾಗಿದ್ದರೂ ಎರಡೂ ಗುಂಪುಗಳಲ್ಲಿ ಮಕ್ಕಳ ಮರಣದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಆ ಅಧ್ಯಯನದ ತಾಯಂದಿರಿಗೆ ಶುದ್ಧ ನೀರೂ ತಿಳಿವಳಿಕೆಯೂ ಒದಗಿದ್ದವು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಪುಡಿಹಾಲನ್ನು ಉಚಿತವಾಗಿ ಹಂಚಿದ ಬೋಟ್ಸ್ವಾನಾ ದೇಶದ ಅನುಭವ ಇನ್ನೂ ಕಠೋರವಾದದ್ದು. 2006ರ ಆರಂಭದಲ್ಲಿ ಭಾರಿ ಮಳೆಯಿಂದ ಪ್ರವಾಹ ಬಂದು ಕುಡಿಯುವ ನೀರು ಕೆಟ್ಟಾಗ ಮಕ್ಕಳಲ್ಲಿ ಅತಿಸಾರ ಹರಡಿತು. ಆಸ್ಪತ್ರೆ ಸೇರಿದ ಮತ್ತು ಸತ್ತ ಶಿಶುಗಳಲ್ಲಿ ಹೆಚ್ಚಿನವು ಎದೆಹಾಲು ಕುಡಿಯದವು ಎಂಬುದು ತನಿಖೆಯಲ್ಲಿ ಗೊತ್ತಾಯಿತು. ಎಚ್‌ಐವಿಯಿಂದ ಉಳಿಸಲೆಂದು ಕೊಟ್ಟ ಹಾಲು ಬೇರೊಂದು ದಾರಿಯಿಂದ ಮಕ್ಕಳನ್ನು ಕೊಂಡೊಯ್ದಿತ್ತು.

ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನ ಸಂಶೋಧಕರು ಒಂದು ಮುಖ್ಯ ಭೇದವನ್ನು ಗುರುತಿಸಿದ್ದರು. ಕೇವಲ ಎದೆಹಾಲು ಕುಡಿದ ಮಕ್ಕಳಿಗಿಂತ, ಎದೆಹಾಲಿನ ಜೊತೆಗೆ ನೀರು, ಬೇರೆ ಹಾಲು, ಗಂಜಿ ಮೊದಲಾದವನ್ನೂ ಸೇವಿಸಿದ ಮಕ್ಕಳಿಗೆ ಸೋಂಕು ಹೆಚ್ಚು ಎಂದು ಅವರು 1999ರಲ್ಲಿ ವರದಿ ಮಾಡಿದರು. ಅದೇ ಪ್ರಾಂತ್ಯದಲ್ಲಿ ನಡೆದ ದೊಡ್ಡ ಅಧ್ಯಯನ 2007ರಲ್ಲಿ ಇದನ್ನು ದೃಢಪಡಿಸಿತು. ಎದೆಹಾಲಿನೊಂದಿಗೆ ಗಟ್ಟಿ ಆಹಾರವನ್ನು ಬೇಗ ಆರಂಭಿಸಿದ ಶಿಶುಗಳಲ್ಲಿ ಅಪಾಯ ಸುಮಾರು 11 ಪಟ್ಟು ಹೆಚ್ಚಿತ್ತು. ಎಳೆಯ ಕರುಳಿನ ಒಳಪದರ ಹೊರಗಿನ ಆಹಾರದಿಂದ ಕೆರಳುತ್ತದೆ, ಆಗ ಹಾಲಿನಲ್ಲಿರುವ ವೈರಾಣುವಿಗೆ ಒಳನುಸುಳಲು ದಾರಿಯಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹಾಗಾಗಿ ಎದೆಹಾಲೊಂದೇ ಅಥವಾ ಪುಡಿಹಾಲೊಂದೇ ಎಂಬ ಎರಡು ದಾರಿಗಳಿಗಿಂತಲೂ ಎರಡನ್ನೂ ಬೆರೆಸುವ ಮೂರನೆಯ ದಾರಿಯೇ ಕೆಟ್ಟದ್ದೆಂದು ತಿಳಿಯಿತು. ವಿಷಾದವೆಂದರೆ, ಜಗತ್ತಿನ ಬಹುಪಾಲು ಮನೆಗಳಲ್ಲಿ ನಡೆಯುತ್ತಿದ್ದುದು ಆ ಮೂರನೆಯದೇ.

ನಾಲ್ಕು ತಿಂಗಳಿಗೇ ಹಠಾತ್ತನೆ ಹಾಲು ಬಿಡಿಸಿದರೆ ಒಳಿತಾಗುವುದೇ ಎಂದು ಜಾಂಬಿಯಾದ ಲುಸಾಕಾದಲ್ಲಿ ಪರೀಕ್ಷಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೋಂಕಿಲ್ಲದೆ ಬದುಕುಳಿದ ಮಕ್ಕಳ ಪ್ರಮಾಣ ಅದರಿಂದ ಹೆಚ್ಚಲಿಲ್ಲ.

ಗಂಟು ಬಿಚ್ಚಿದ್ದು ಔಷಧದಿಂದ. ತಾಯಿ ಎ.ಆರ್.ಟಿ. ಔಷಧವನ್ನು ತಪ್ಪದೆ ಸೇವಿಸಿದರೆ ರಕ್ತದಲ್ಲೂ ಹಾಲಿನಲ್ಲೂ ವೈರಾಣು ಕುಗ್ಗುತ್ತದೆ. ಬೋಟ್ಸ್ವಾನಾದಲ್ಲಿಯೇ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ಸೇವಿಸುತ್ತಾ ಆರು ತಿಂಗಳು ಹಾಲೂಡಿದ ತಾಯಂದಿರ ಮಕ್ಕಳಲ್ಲಿ ಒಟ್ಟು ಸೋಂಕು ಶೇ. 1ರ ಆಸುಪಾಸಿನಲ್ಲಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಔಷಧದ ರಕ್ಷಣೆಯೊಂದಿಗೆ 12 ತಿಂಗಳವರೆಗೆ ಹಾಲೂಡಬಹುದೆಂದು ಹೇಳಿತು. 2016ರಲ್ಲಿ ಆ ಅವಧಿಯನ್ನು 24 ತಿಂಗಳು ಅಥವಾ ಅದಕ್ಕೂ ಹೆಚ್ಚಿಗೆ ವಿಸ್ತರಿಸಿತು. ಎದೆಹಾಲನ್ನು ದೀರ್ಘಕಾಲ ನಿಷೇಧಿಸಿದ್ದ ಅಮೆರಿಕ ಕೂಡ 2023ರಲ್ಲಿ ತನ್ನ ಮಾರ್ಗಸೂಚಿಯನ್ನು ಸಡಿಲಿಸಿ, ವೈರಾಣು ಪೂರ್ಣ ಹತೋಟಿಯಲ್ಲಿರುವ ತಾಯಿ ವೈದ್ಯರೊಡನೆ ಚರ್ಚಿಸಿ ಹಾಲೂಡಲು ನಿರ್ಧರಿಸಿದರೆ ಅವಳಿಗೆ ನೆರವಾಗಬೇಕೆಂದಿತು. ಆದರೂ ಅಪಾಯ ಸೊನ್ನೆಯಾಗಿಲ್ಲ. ವೈರಾಣು ಹತೋಟಿಯಲ್ಲಿದ್ದಾಗ ಅದು ಶೇ. 1ಕ್ಕಿಂತ ಕಡಿಮೆ ಎನ್ನುವುದಷ್ಟೇ ಸರಿಯಾದ ಮಾತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 1992ರಲ್ಲಿಯೂ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರಲ್ಲಿಯೂ ರಚನೆಯಾದವು. ಸೋಂಕು ಹೆಚ್ಚಿರುವ ಆರು ರಾಜ್ಯಗಳೆಂದು ಗುರುತಿಸಿದ್ದವುಗಳಲ್ಲಿ ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ ಮತ್ತು ನಾಗಾಲ್ಯಾಂಡ್‌ಗಳೊಂದಿಗೆ ಕರ್ನಾಟಕವೂ ಸೇರಿತ್ತು. ಉಚಿತ ಎ.ಆರ್.ಟಿ. ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾಯಿತು.

ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಶುರುವಾದಾಗ ಅದರ ಮುಖ್ಯ ಸಾಧನ ನೆವಿರಪಿನ್ ಎಂಬ ಔಷಧ. ಹೆರಿಗೆ ನೋವು ಬಂದಾಗ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಮೇಲೆ ಮಗುವಿಗೆ ಒಂದು ಬಾರಿ ಸಿರಪ್. ಉಗಾಂಡಾದಲ್ಲಿ ಈ ಕ್ರಮ ಸೋಂಕನ್ನು ಅರ್ಧದಷ್ಟು ತಗ್ಗಿಸಿತ್ತು. ಆದರೆ ಒಂದು ಮಾತ್ರೆ ಹೆರಿಗೆಯ ಗಳಿಗೆಯನ್ನು ಕಾಯಬಲ್ಲದು, ಮುಂದಿನ ವರ್ಷವಿಡೀ ನಡೆಯುವ ಹಾಲೂಡಿಕೆಯನ್ನಲ್ಲ. ಆ ಕಾಲದ ತಾಯಂದಿರಿಗೆ ಎರಡೂ ಬದಿಯ ಅಪಾಯ ವಿವರಿಸಿ, ಪುಡಿಹಾಲು ಕೈಗೆಟುಕುವುದೇ, ಅದನ್ನು ಬಿಡದೆ ಒದಗಿಸಬಲ್ಲಿರಾ, ಮನೆಯವರು ಒಪ್ಪುವರೇ, ನೀರು ಶುದ್ಧವೇ ಎಂದು ಕೇಳಿ ನಿರ್ಧಾರವನ್ನು ಅವರಿಗೇ ಬಿಡಲಾಗುತ್ತಿತ್ತು. ಕೂಲಿ ಮಾಡುವ ಹೆಣ್ಣುಮಗಳಿಗೆ ಈ ಪ್ರಶ್ನಾವಳಿ ಆಯ್ಕೆಗಿಂತ ಹೆಚ್ಚಾಗಿ ಹೊರೆಯೇ ಆಗಿತ್ತೆಂದು ಹೇಳಬೇಕಾಗುತ್ತದೆ.

2012ರಲ್ಲಿ ಕರ್ನಾಟಕ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಹೊಸ ಕ್ರಮ ಜಾರಿಗೆ ಬಂತು. 2014ರ ಜನವರಿ 1ರಿಂದ ದೇಶದಾದ್ಯಂತ ಪ್ರತಿ ಸೋಂಕಿತ ಗರ್ಭಿಣಿಗೂ, ಸಿಡಿ4 ಸಂಖ್ಯೆ ಎಷ್ಟೇ ಇರಲಿ, ಜೀವನಪರ್ಯಂತ ಚಿಕಿತ್ಸೆ ಆರಂಭಿಸುವುದು ನಿಯಮವಾಯಿತು. ಸ್ತನ್ಯಪಾನದ ಸಲಹೆ ಈ ನೆಲೆಯ ಮೇಲೆ ನಿಂತಿದೆ. ಔಷಧವನ್ನು ಬಿಟ್ಟು ಸಲಹೆಯನ್ನು ಮಾತ್ರ ಹಿಡಿದರೆ ಅದಕ್ಕೆ ಅರ್ಥವಿಲ್ಲ.

ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಚಿತ್ರದುರ್ಗ ಜಿಲ್ಲೆ ಮಳೆ ಕಡಿಮೆಯಿರುವ ಬಯಲುಸೀಮೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾದು ಹೋಗುತ್ತದೆ. ಶಿವಮೊಗ್ಗದ ಕಡೆಗೆ ಹೋಗುವ ಹೆದ್ದಾರಿ ಹೊಳಲ್ಕೆರೆಯ ಮೂಲಕ ಸಾಗುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. (ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯ ಹೆಸರನ್ನು ಹೊತ್ತ ಈ ಜಲಾಶಯದಂತೆಯೇ ಬೆಂಗಳೂರಿನ ಹೆರಿಗೆ ಆಸ್ಪತ್ರೆಯೂ ವಾಣಿವಿಲಾಸವೇ.) ಜಲಾಶಯವಿದ್ದರೂ ಜಿಲ್ಲೆಯ ಅನೇಕ ಹಳ್ಳಿಗಳು ಇಂದಿಗೂ ಕೊಳವೆಬಾವಿಯನ್ನು ನೆಚ್ಚಿವೆ.

ಈ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶ ಮಿತಿಮೀರಿದೆ. ಪುಡಿಹಾಲನ್ನು ಇಂಥ ನೀರಿನಲ್ಲಿ ಕದಡಿದರೆ ಆ ಫ್ಲೋರೈಡ್ ನೇರವಾಗಿ ಶಿಶುವಿನ ಹೊಟ್ಟೆ ಸೇರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ತಾಯಿ ಅದೇ ನೀರು ಕುಡಿದರೂ ಅವಳ ಎದೆಹಾಲಿಗೆ ಫ್ಲೋರೈಡ್ ಇಳಿಯುವುದು ಅತ್ಯಲ್ಪ. ನೀರಿನ ವಿಷಯದಲ್ಲಿ ತಾಯಿಯ ದೇಹವೇ ಮಗುವಿಗೆ ಶೋಧಕವಾಗಿ ನಿಲ್ಲುತ್ತದೆ.

ರೋಗಾಣುವಿನ ಭಯವೂ ಕಾಲ್ಪನಿಕವಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಅಸ್ವಸ್ಥರಾದರು, ಕೆಲವರು ಮೃತಪಟ್ಟರು. ಜಿಲ್ಲಾ ಕೇಂದ್ರದ ನಲ್ಲಿನೀರೇ ಒಂದು ದಿನ ಹೀಗಾಗಬಹುದಾದರೆ, ದಿನಕ್ಕೆ ಏಳೆಂಟು ಬಾರಿ ನೀರು ಬೆರೆಸಿ ತಯಾರಿಸಬೇಕಾದ ಡಬ್ಬಿ ಹಾಲು ಎಷ್ಟು ಸುರಕ್ಷಿತ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬೋಟ್ಸ್ವಾನಾದ ಪಾಠ ಇಲ್ಲಿಗೂ ಸಲ್ಲುತ್ತದೆ.

ಎದೆಹಾಲನ್ನು ಆರಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು ಹನಿಸುವುದು, ಬಜೆ ತೇಯ್ದು ಒಳಲೆಯಲ್ಲಿ ಕುಡಿಸುವುದು, ಹೊಟ್ಟೆ ಶುದ್ಧಿಗೆಂದು ಹರಳೆಣ್ಣೆ ಹಾಕುವುದು, ಬೇಸಿಗೆಯಲ್ಲಿ ಬಾಯಾರುತ್ತದೆಂದು ನೀರು ಕೊಡುವುದು ಇವೆಲ್ಲ ಪ್ರೀತಿಯಿಂದಲೇ ನಡೆಯುವ ಪದ್ಧತಿಗಳು. ಗಿಣ್ಣುಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರೂ ಇದ್ದಾರೆ. ಸೋಂಕಿತ ತಾಯಿಯ ಮಗುವಿಗೆ ಇವು ಡರ್ಬನ್ನಿನ ಅಧ್ಯಯನ ಎಚ್ಚರಿಸಿದ ಮಿಶ್ರ ಆಹಾರವೇ ಆಗುತ್ತವೆ. ಆರು ತಿಂಗಳವರೆಗೆ ನೀರೂ ಬೇಡ. ಎದೆಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಕಡುಬೇಸಿಗೆಯಲ್ಲೂ ಅದು ಸಾಕಾಗುತ್ತದೆ. ವೈದ್ಯರು ಬರೆದುಕೊಟ್ಟ ಔಷಧ ಮಾತ್ರ ಇದಕ್ಕೆ ಹೊರತು. ಈ ಮಾತನ್ನು ತಾಯಿಗಿಂತ ಮೊದಲು ತಿಳಿಸಬೇಕಾದದ್ದು ಬಾಣಂತನ ಮಾಡುವ ಅಜ್ಜಿಗೆ ಅಥವಾ ಅತ್ತೆಗೆ. ಆದರೆ ಅವರಿಗೆ ಸೋಂಕಿನ ವಿಷಯ ಗೊತ್ತಿಲ್ಲದಿರುವುದೇ ಹೆಚ್ಚು. ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಆರು ತಿಂಗಳು ಎದೆಹಾಲೊಂದೇ ಎಂಬ ಸಲಹೆಯನ್ನು ಊರಿನ ಎಲ್ಲ ಬಾಣಂತಿಯರಿಗೂ ಸಮಾನವಾಗಿ ಹೇಳುವುದರಿಂದ, ಒಬ್ಬಳನ್ನೇ ಬೆರಳು ಮಾಡಿ ತೋರಿಸಿದಂತಾಗುವುದಿಲ್ಲ. ಎಲ್ಲರೂ ಎದೆಹಾಲು ಕೊಡುವ ಊರಿನಲ್ಲಿ ಡಬ್ಬಿ ಹಾಲು ತಂದವಳ ಮೇಲೆಯೇ ಕಣ್ಣು ಬೀಳುತ್ತದೆ.

ಮೊದಲ ಹೆರಿಗೆ ತವರಿನಲ್ಲಾಗುವ ರೂಢಿ ಇನ್ನೊಂದು ತೊಡಕನ್ನು ತರುತ್ತದೆ. ಹೊಸದುರ್ಗದಲ್ಲಿ ನೋಂದಾಯಿಸಿ ಔಷಧ ಪಡೆಯುತ್ತಿದ್ದವಳು ಹಿರಿಯೂರಿನ ತವರಿಗೆ ಹೋದಾಗ ಮಾತ್ರೆಯೂ ದಾಖಲೆಯೂ ಜೊತೆಗೆ ಹೋಗಬೇಕು. ಹೊಳಲ್ಕೆರೆ ಮತ್ತು ಹಿರಿಯೂರಿನಿಂದ ಜಿಲ್ಲಾ ಕೇಂದ್ರಕ್ಕೆ ಮೂವತ್ತು ನಲವತ್ತು ಕಿಲೋಮೀಟರ್, ಹೊಸದುರ್ಗದಿಂದ ಇನ್ನೂ ಹೆಚ್ಚು. ಹಸಿ ಬಾಣಂತಿಗೆ ಅದು ಸಣ್ಣ ಪಯಣವಲ್ಲ. ಹೆರಿಗೆಗೆ ಮೊದಲೇ ಎರಡು ಮೂರು ತಿಂಗಳ ಔಷಧವನ್ನು ಒಟ್ಟಿಗೆ ಕೇಳಿ ಪಡೆಯುವುದು, ತವರಿನ ಹತ್ತಿರದ ಕೇಂದ್ರಕ್ಕೆ ಮೊದಲೇ ತಿಳಿಸಿರುವುದು ಇದಕ್ಕೆ ಇರುವ ಉಪಾಯ. ಈ ತಾಲೂಕುಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಮಗುವನ್ನು ಸೂತಕದ ದಿನಗಳಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಸಂಪ್ರದಾಯ ಈಗಲೂ ಉಳಿದಿದೆ. ಆ ಸಮುದಾಯದಲ್ಲಿ ಎಚ್‌ಐವಿ ಹೆಚ್ಚೆಂದು ಇದರ ಅರ್ಥವಲ್ಲ. ಯಾವ ಕಾಯಿಲೆಯೇ ಆಗಲಿ, ಶಿಶುವಿನ ಆರೈಕೆ ಅತ್ಯಂತ ಅಗತ್ಯವಾದ ವಾರಗಳಲ್ಲೇ ಅದು ತಲುಪುವುದು ಕಷ್ಟವಾಗುತ್ತದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಮಗುವಿಗೆ ಔಷಧ ಮತ್ತು ಪರೀಕ್ಷೆ

ತಾಯಿ ದಿನವೂ ಮಾತ್ರೆ ಸೇವಿಸುವುದರ ಜೊತೆಗೆ ಮಗುವಿಗೆ ಹುಟ್ಟಿದಂದಿನಿಂದ ಕನಿಷ್ಠ ಆರು ವಾರ ನೆವಿರಪಿನ್ ಸಿರಪ್ ಕೊಡಲಾಗುತ್ತದೆ. ತಾಯಿಯ ಚಿಕಿತ್ಸೆ ತಡವಾಗಿ ಆರಂಭವಾಗಿದ್ದರೆ ಅಥವಾ ವೈರಾಣು ಹತೋಟಿಗೆ ಬಂದಿರದಿದ್ದರೆ ಅವಧಿಯನ್ನು ಹೆಚ್ಚಿಸುತ್ತಾರೆ, ಎರಡನೆಯ ಔಷಧವನ್ನೂ ಸೇರಿಸಬಹುದು. ಆರನೆಯ ವಾರದಿಂದ ಇತರ ಸೋಂಕುಗಳನ್ನು ತಡೆಯಲು ಕೋಟ್ರಿಮಾಕ್ಸಜೋಲ್ ಶುರುವಾಗುತ್ತದೆ.

ಸೋಂಕಿತ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿನ ರಕ್ತ ಸೇರಿರುತ್ತವೆ. ಆದ್ದರಿಂದ ಸಾಮಾನ್ಯ ಎಚ್‌ಐವಿ ಪರೀಕ್ಷೆ ಮಾಡಿದರೆ ಸೋಂಕಿಲ್ಲದ ಮಗುವಿಗೂ ಪಾಸಿಟಿವ್ ಎಂದೇ ಬರುತ್ತದೆ. ಈ ಪ್ರತಿಕಾಯಗಳು ಪೂರ್ಣವಾಗಿ ಮರೆಯಾಗಲು 18 ತಿಂಗಳು ಬೇಕಾಗಬಹುದು. ಅಲ್ಲಿಯವರೆಗೆ ವೈರಾಣುವನ್ನೇ ಹುಡುಕುವ ಬೇರೆ ಪರೀಕ್ಷೆ ಬೇಕು. ಆರನೆಯ ವಾರದಲ್ಲಿ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಒಣಗಿದ ಹನಿಗೆ ಮಂಜುಗಡ್ಡೆಯ ಪೆಟ್ಟಿಗೆ ಬೇಡವಾದ್ದರಿಂದ ತಾಲೂಕು ಕೇಂದ್ರದಿಂದಲೂ ಇದು ಸಾಧ್ಯ. ಆರು ಮತ್ತು ಹನ್ನೆರಡು ತಿಂಗಳಿಗೆ ಮತ್ತೆ ಪರೀಕ್ಷೆ, 18 ತಿಂಗಳಿಗೆ ಕೊನೆಯದು. ಆಗಲೂ ಮಗು ಹಾಲು ಕುಡಿಯುತ್ತಿದ್ದರೆ, ಬಿಡಿಸಿ ಕೆಲ ಕಾಲ ಕಳೆದ ಮೇಲಿನ ಪರೀಕ್ಷೆಯೇ ನಿರ್ಣಾಯಕ. ಆರನೆಯ ವಾರದ ಶುಭ ಫಲಿತಾಂಶ ನೋಡಿ ಮುಂದಿನವನ್ನು ಬಿಟ್ಟುಬಿಡುವುದು ಅಪಾಯಕರ, ಏಕೆಂದರೆ ಹಾಲೂಡುವವರೆಗೂ ಸೋಂಕು ದಾಟುವ ಸಾಧ್ಯತೆ ಉಳಿದೇ ಇರುತ್ತದೆ.

ಆರು ತಿಂಗಳ ನಂತರ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಅನ್ನ, ಬೇಳೆ ಮೊದಲಾದ ಪೂರಕ ಆಹಾರವನ್ನು ಆರಂಭಿಸಿ ಎದೆಹಾಲನ್ನು ಮುಂದುವರಿಸಬೇಕು. ಸೋಂಕಿಲ್ಲದ ಮಗುವಿಗೆ ಕನಿಷ್ಠ ಒಂದು ವರ್ಷದವರೆಗೆ, ಸೋಂಕು ತಗಲಿದ ಮಗುವಿಗೆ ಎರಡು ವರ್ಷದವರೆಗೆ ಹಾಲೂಡುವುದು ರೂಢಿ. ಬಿಡಿಸುವಾಗ ಒಂದು ತಿಂಗಳಷ್ಟು ಸಮಯ ತೆಗೆದುಕೊಂಡು ನಿಧಾನವಾಗಿ ಬಿಡಿಸಬೇಕು. ಹಠಾತ್ತನೆ ನಿಲ್ಲಿಸಿದರೆ ಮೊಲೆಯಲ್ಲಿ ಹಾಲು ಕಟ್ಟಿ ಬಾವು ಬರುತ್ತದೆ, ಹಾಲಿನಲ್ಲಿ ವೈರಾಣುವೂ ಏರುತ್ತದೆ.

ತಾಯಿ ತೀರಿಕೊಂಡಿದ್ದರೆ, ತೀವ್ರ ಅಸ್ವಸ್ಥಳಾಗಿದ್ದರೆ ಅಥವಾ ಎಲ್ಲವನ್ನೂ ತಿಳಿದು ಪುಡಿಹಾಲನ್ನೇ ಆರಿಸಿಕೊಂಡಿದ್ದರೆ ಅದನ್ನು ಸೀಸೆಯಲ್ಲಿ ಅಲ್ಲದೆ ಲೋಟ, ಚಮಚ ಅಥವಾ ಒಳಲೆಯಲ್ಲಿ ಕೊಡಬೇಕು. ಆಗ ಎದೆಹಾಲನ್ನು ನಡುನಡುವೆ ಕೊಡುವಂತಿಲ್ಲ.

ಗೋಪ್ಯತೆ

2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವ್ಯಕ್ತಿಯ ಸೋಂಕಿನ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಚಿಕಿತ್ಸೆ, ಶಿಕ್ಷಣ, ಉದ್ಯೋಗಗಳಲ್ಲಿ ತಾರತಮ್ಯ ಮಾಡುವುದಕ್ಕೂ ನಿಷೇಧವಿದೆ. ತಾಯಿ ಕಾರ್ಡ್ ಮನೆಮಂದಿಯೆಲ್ಲರ ಕೈಗೆ ಸಿಗುವ ದಾಖಲೆಯಾದ್ದರಿಂದ ಅದರ ಮೇಲೆ ಎದ್ದುಕಾಣುವಂತೆ ಗುರುತು ಹಾಕುವುದು ಈ ನಿಯಮಕ್ಕೆ ಹೊಂದುವುದಿಲ್ಲ. ಪುಡಿಹಾಲಿನ ಜಾಹೀರಾತನ್ನು ನಿರ್ಬಂಧಿಸುವ ಕಾಯ್ದೆ 1992ರದು, 2003ರಲ್ಲಿ ತಿದ್ದುಪಡಿಯಾಗಿದೆ.

ಇತರ ವೈರಾಣುಗಳು

ಎಚ್‌ಐವಿಯ ನಿಯಮಗಳನ್ನು ಬೇರೆ ವೈರಾಣುಗಳಿಗೆ ಹಾಗೆಯೇ ಅನ್ವಯಿಸಲಾಗದು. ಹೆಪಟೈಟಿಸ್ ಬಿ ಇರುವ ತಾಯಿ ಹಾಲೂಡಬಹುದು. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸುವುದು ಮುಖ್ಯ, ಸಾಧ್ಯವಾದೆಡೆ ಇಮ್ಯುನೊಗ್ಲೋಬುಲಿನ್ ಸಹ. ಹೆಪಟೈಟಿಸ್ ಸಿ ಇದ್ದರೂ ತೊಟ್ಟು ಬಿರಿದು ರಕ್ತ ಬರದಿರುವವರೆಗೆ ತೊಂದರೆಯಿಲ್ಲ. ಸೈಟೊಮೆಗಲೊ ವೈರಾಣು ಎದೆಹಾಲಿನಲ್ಲಿ ಸಾಮಾನ್ಯ. ದಿನ ತುಂಬಿದ ಮಗುವಿಗೆ ಅದರಿಂದ ಬಾಧೆಯಾಗುವುದು ಅಪರೂಪ, ತೀರಾ ಅವಧಿಪೂರ್ವ ಶಿಶುವಿಗೆ ಆಗಬಹುದು. ಮೊಲೆಯ ಮೇಲೆಯೇ ಹರ್ಪಿಸ್ ಗುಳ್ಳೆಗಳಿದ್ದರೆ ಆ ಬದಿಯ ಹಾಲನ್ನು ವಾಸಿಯಾಗುವವರೆಗೆ ಕೊಡಬಾರದು. ಎಚ್‌ಟಿಎಲ್‌ವಿ-1 ಎಂಬ ವೈರಾಣು ಮುಖ್ಯವಾಗಿ ದೀರ್ಘ ಸ್ತನ್ಯಪಾನದಿಂದಲೇ ಹರಡುತ್ತದೆ. ಅದು ಹೆಚ್ಚಾಗಿರುವ ಜಪಾನಿನ ನಾಗಸಾಕಿಯಲ್ಲಿ 1987ರಿಂದ ಗರ್ಭಿಣಿಯರನ್ನು ಪರೀಕ್ಷಿಸಿ, ಸೋಂಕಿತರಿಗೆ ಎದೆಹಾಲು ಬೇಡವೆಂದು ಸಲಹೆ ನೀಡುತ್ತಾ ಬರಲಾಗಿದೆ. ಕೋವಿಡ್-19ರ ಕಾಲದಲ್ಲಿ ತಾಯಿ ಮಗುವನ್ನು ಬೇರ್ಪಡಿಸಿದ ಪ್ರಸಂಗಗಳು ಅನೇಕ ಕಡೆ ನಡೆದವಾದರೂ, ಮುಖಗವಸು ಧರಿಸಿ, ಕೈ ತೊಳೆದು ಹಾಲೂಡುವುದನ್ನು ಮುಂದುವರಿಸಬೇಕೆಂಬುದೇ 2020ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿದೆ.